ಹಿಂದಿನ ರೆಕ್ಕೆಯ ಮೂರು ಚುಕ್ಕಿ

ಬಾವಿಗೆ ಬೀಳಲಿದ್ದವರನ್ನು ಹಿಡಿದೆಳೆದು ಉಳಿಸಿದವನಿಗೆ ಏನು ಸಲ್ಲಬೇಕು? ಹಾರ, ಶಾಲು ನಾನು ಕೇಳುವವನಲ್ಲ. ಒಂದು ಕಪ್ ಚಹಾ, 'ನೀವಿದ್ದಿರಿ, ಬಚಾವಾದೆ' ಎನ್ನುವ ಒಂದು ಮಾತು ಸಾಕಿತ್ತು. ನನಗೆ ಸಿಕ್ಕಿದ್ದು ಬೈಗುಳ. ಅದೂ ಬಾವಿಯ ದಂಡೆಯ ಮೇಲೆಯೇ, ನಾನು ಬಿದ್ದಲ್ಲಿಂದ ಏಳುವ ಮೊದಲೇ. ಈಗಲೂ ಬೀದರಿನ ನನ್ನ ಕಚೇರಿಯಲ್ಲಿ ಯಾರಾದರೂ ಕುರ್ಚಿಯನ್ನು ಹಿಂದಕ್ಕೆ ಸರಿಸಿದರೆ ಎದೆ ಧಸಕ್ಕೆನ್ನುತ್ತದೆ.

ನಾನು ಉಳಿಸಿದ್ದು ನನ್ನ ಹೆಂಡತಿ ಮಹಾನಂದಾಳನ್ನು. ಭಾಲ್ಕಿಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಾಳೆ. ಮಕ್ಕಳಿಗೆ ಚಿಟ್ಟೆಯ ಪಾಠ ಮಾಡಲು ಹೋಗಿ ತಾನೇ ಚಿಟ್ಟೆಗಳ ಬೆನ್ನು ಹತ್ತಿದಳು. ಅಂದಿನಿಂದ ನಮ್ಮ ಮನೆಯ ಉಪ್ಪಿಟ್ಟಿಗೆ ಕರಿಬೇವಿಲ್ಲ. ಕುಂಡದ ಗಿಡದ ತುಂಬ ಹುಳುಗಳು, ಹಕ್ಕಿಯ ಹಿಕ್ಕೆಯ ಹಾಗೆ ಕಾಣುವಂಥವು. ಒರೆಸಲು ಹೋದ ನನ್ನ ಕೈಗೆ ಏಟು ಬಿತ್ತು. "ಕಾಮನ್ ಮಾರ್ಮನ್ ಚಿಟ್ಟಿ ಮರಿ ಅವು. ನಿಮಗ ಒಗ್ಗರಣಿ ಹೆಚ್ಚೋ, ಅವುಗಳ ಜೀವ ಹೆಚ್ಚೋ?" ನಿಜ ಹೇಳಬೇಕೆಂದರೆ ಒಗ್ಗರಣೆಯೇ ಹೆಚ್ಚು. ಬಹಮನಿ ಸುಲ್ತಾನರ ಗೋರಿಗಳಿರುವ ಅಷ್ಟೂರಿಗೆ ಹೋದವರೆಲ್ಲ ಗುಮ್ಮಟ ನೋಡಲು ತಲೆ ಎತ್ತುತ್ತಾರೆ, ನಾವು ಮಾತ್ರ ತಲೆ ತಗ್ಗಿಸಿ ಗುಮ್ಮಟದ ಬುಡದ ಹುಲ್ಲು ನೋಡುತ್ತೇವೆ. ನೆಲಕ್ಕಂಟಿ ಕೂತು, ರೆಕ್ಕೆ ಬಿಚ್ಚಿದಾಗ ನವಿಲುಗಣ್ಣು ತೋರಿಸಿದರೆ ಪೀಕಾಕ್ ಪ್ಯಾನ್ಸಿ. ಮೈತುಂಬ ಕಪ್ಪು-ಹಳದಿ ಚಿತ್ತಾರ ಹೊತ್ತು, ನಿಂಬೆ ಗಿಡದ ಸುತ್ತ ಒಂದು ಕಡೆ ನಿಲ್ಲದೆ ಪಟಪಟಿಸಿದರೆ ಲೈಮ್. ಇಷ್ಟು ನನಗೂ ಬಂದಿದೆ, ಬಲವಂತದಿಂದ.

ಆದರೆ ನಮ್ಮ ಸಂಸಾರಕ್ಕೆ ಕುತ್ತು ತಂದದ್ದು ಕಿತ್ತಳೆ ಬಣ್ಣದ ಎರಡು ಜಾತಿಗಳು. ಒಂದು ಪ್ಲೇನ್ ಟೈಗರ್. ಎಕ್ಕೆ ಗಿಡ ಇದ್ದಲ್ಲೆಲ್ಲ ಇರುತ್ತದೆ. ಮೈಯಲ್ಲಿ ಎಕ್ಕೆಯ ವಿಷ ಇರುವುದರಿಂದ ಹಕ್ಕಿಗಳು ಅದರ ತಂಟೆಗೆ ಹೋಗುವುದಿಲ್ಲ. ಇನ್ನೊಂದು ಡಾನೈಡ್ ಎಗ್‌ಫ್ಲೈ. ಅದರ ಹೆಣ್ಣಿಗೆ ವಿಷವಿಲ್ಲ; ಥೇಟ್ ಟೈಗರಿನ ವೇಷ ತೊಟ್ಟು ಹಕ್ಕಿಗಳಿಗೆ ಟೋಪಿ ಹಾಕುತ್ತದೆ. ಗುರುತು ಇರುವುದು ಹಿಂದಿನ ರೆಕ್ಕೆಯಲ್ಲಿ. ಟೈಗರಿಗೆ ರೆಕ್ಕೆಯ ನಡುವೆ ಮೂರೋ ನಾಲ್ಕೋ ಕಪ್ಪು ಚುಕ್ಕಿ, ವೇಷಧಾರಿಗೆ ಮೇಲಂಚಿನ ಹತ್ತಿರ ಒಂದೇ ಒಂದು. ಮಹಾನಂದಾ ಈ ವೇಷಧಾರಿಯನ್ನು ಇನ್ನೂ ಕಂಡಿರಲಿಲ್ಲ. ಕಾಣದೆ ಅನ್ನ ಸೇರದ ಸ್ಥಿತಿಗೆ ಬಂದಿದ್ದಳು.

ಔರಾದ ತಾಲ್ಲೂಕಿನ ಡಾಬಕಾ ಅವಳ ತವರು. ಅಲ್ಲಿ ಅವಳ ತಮ್ಮ ಬೀರಪ್ಪನ ಹೊಲ, ಹೊಲದಲ್ಲಿ ಕಟ್ಟೆಯಿಲ್ಲದ ಬಾವಿ, ಬಾವಿಯ ಹತ್ತಿರ ಎಕ್ಕೆ ಗಿಡ. ಒಂದು ಬೆಳಿಗ್ಗೆ ಆ ಗಿಡದ ಮೇಲೆ ಕಿತ್ತಳೆ ಚಿಟ್ಟೆಯೊಂದು ಬಂದು ಕೂತಿತು. ಚಿಟ್ಟೆ ನೋಡುವವರಲ್ಲಿ ಒಂದು ನೇಮವಿದೆ: ನಮ್ಮ ನೆರಳು ಅದರ ಮೇಲೆ ಬೀಳಬಾರದು, ಬಿದ್ದರೆ ಹಾರಿಹೋಗುತ್ತದೆ. ಮಹಾನಂದಾಳ ಬೆನ್ನಿಗೆ ಎಳೆಬಿಸಿಲು. ನೆರಳು ಉದ್ದಕ್ಕೆ ಮುಂದೆ ಚಾಚಿತ್ತು. ಅದನ್ನು ಹಿಂದಕ್ಕೆಳೆದುಕೊಳ್ಳಲು ಅವಳು ಮೊಬೈಲಿನಿಂದ ಕಣ್ಣು ಕೀಳದೆ ಹಿಂದೆ ಹಿಂದೆ ಹೆಜ್ಜೆ ಇಟ್ಟಳು. ಹಿಂದೆ ಬಾವಿ.

ನಾನು ಗಿಡದ ಪಕ್ಕ ನಿಂತಿದ್ದೆ. ಅವಳ ಹಿಮ್ಮಡಿಯ ಕೆಳಗಿನ ಮಣ್ಣು ಕುಸಿಯಿತು. ಒಂದು ಕಲ್ಲು ಜಾರಿತು. ತುಸು ಹೊತ್ತಿನ ಮೇಲೆ, ಎಷ್ಟೋ ಆಳದಿಂದ 'ಗುಳುಂ' ಎಂದಿತು. ಆ ತುಸು ಹೊತ್ತನ್ನು ನಾನು ಇವತ್ತಿಗೂ ದಾಟಿಲ್ಲ. ಚೀರಿದೆ. ನೆಗೆದು ಅವಳ ಹೆಗಲ ಚೀಲದ ಪಟ್ಟಿ ಹಿಡಿದೆಳೆದೆ. ಇಬ್ಬರೂ ಎಕ್ಕೆಯ ಮೇಲೆ ಬಿದ್ದೆವು. ಚಿಟ್ಟೆ ಹಾರಿತು.

"ಯಾಕ್ ಒದರಿದ್ರಿ? ಹಾರಿಸೇ ಬಿಟ್ರಲ್ಲ!"

"ನೀ ಬಾವ್ಯಾಗ ಬೀಳ್ತಿದ್ದಿ!"

"ಬಿದ್ದಿಲ್ಲಲ್ಲ?"

ನನ್ನ ಚೀರಾಟ ಕೇಳಿ ಕುರಿ ಬಿಟ್ಟು ಓಡಿ ಬಂದ ಬೀರಪ್ಪ ಮೊದಲು ಬಾವಿಯನ್ನು, ಆಮೇಲೆ ನನ್ನನ್ನು ನೋಡಿದ. "ಮಾಮಾ, ನಮ್ಮ ಕುರಿ ಸುದ್ಧಾ ಇದರಾಗ ಬಿದ್ದಿಲ್ರಿ. ನೀವು ಸುಮ್ಮನ ಗಾಬರಿ ಆಗ್ತೀರಿ." ಕುರಿಗಳು ಮೊಬೈಲ್ ಹಿಡಿದು ಹಿಮ್ಮುಖವಾಗಿ ನಡೆಯುವುದಿಲ್ಲವಪ್ಪಾ ಎಂದು ಅಂಗಿಗಂಟಿದ ಎಕ್ಕೆಯ ಹಾಲು ಒರೆಸುತ್ತ ಅಂದುಕೊಂಡೆ.

ಅಲ್ಲಿಗೆ ಮುಗಿಯಲಿಲ್ಲ. ಫೋಟೊ ಅಲುಗಿತ್ತು: ಅರ್ಧ ಕಿತ್ತಳೆ ಮಂಜು, ಅರ್ಧ ನನ್ನ ಮೊಣಕೈ. ಅದನ್ನೇ ಅವಳು ಚಿಟ್ಟೆಯವರ ವಾಟ್ಸಾಪ್ ಗುಂಪಿಗೆ ಹಾಕಿದಳು, ನಡೆದ ಕಥೆಯ ಸಮೇತ. ಒಬ್ಬರು ಟೈಗರ್ ಎಂದರು, ಇನ್ನೊಬ್ಬರು ಎಗ್‌ಫ್ಲೈ ಇದ್ದರೂ ಇರಬಹುದು ಎಂದರು. ಮೂರನೆಯವರು ಬರೆದರು: 'ಮೇಡಂ, ಮುಂದಿನ ಸಲ ಒಬ್ಬರೇ ಹೋಗಿ.' ಒಬ್ಬರೇ! ಅದಕ್ಕೆ ಸಾಲುಸಾಲು ಹೆಬ್ಬೆರಳು ಬೇರೆ. ಬಾವಿ ಎಷ್ಟು ಆಳವಿತ್ತು ಎಂದು ಕೇಳುವ ಒಂದು ನರಪಿಳ್ಳೆಯೂ ಅಲ್ಲಿರಲಿಲ್ಲ.

ಆದರೆ ಇವರಾರಿಗೂ ಗೊತ್ತಿಲ್ಲದ ಸಂಗತಿಯೊಂದಿತ್ತು. ಆ ಕ್ಷಣವನ್ನು ಎಷ್ಟು ಸಲ ನೆನೆದರೂ ಹೆಂಡತಿಯ ಮುಖ ನನ್ನ ಕಣ್ಣಿಗೆ ಬರುವುದಿಲ್ಲ. ಬರುವುದು ನನ್ನ ಮೂಗಿನ ಮುಂದೆಯೇ ಎದ್ದ ಆ ಕಿತ್ತಳೆ ರೆಕ್ಕೆ, ಅದರ ನಡುವಿನ ಚುಕ್ಕಿಗಳು, ಸ್ಪಷ್ಟವಾಗಿ. ನಾಚಿಕೆಯಾಯಿತು. ನಾಚಿಕೆ ಇಳಿದ ಮೇಲೆ, ಇದು ಕೆಲಸಕ್ಕೆ ಬರುವ ಮಾಲು ಎಂದು ಹೊಳೆಯಿತು.

"ಚುಕ್ಕಿ ಎಷ್ಟಿದ್ದವಂತ ನಾ ನೋಡೇನಿ," ಎಂದೆ. "ಹಿಂದ ನೋಡಲಾರದ ಹಿಂದಕ್ಕ ಕಾಲಿಡಂಗಿಲ್ಲಂತ ಆಣಿ ಮಾಡು, ಹೇಳ್ತೇನಿ."

ಮಹಾನಂದಾ ತಡಮಾಡದೆ ನನ್ನ ತಲೆಯ ಮೇಲೆ ಕೈಯಿಟ್ಟಳು. "ನಿಮ್ಮಾಣಿ, ಇಡಂಗಿಲ್ಲ. ಹೇಳ್ರಿ ಈಗ, ಒಂದೋ, ಮೂರೋ?"

"ಮೂರು."

ಬಾವಿಯ ದಂಡೆಯಲ್ಲಿ ಇಳಿಯದ ಅವಳ ಮುಖ ಈಗ ಇಳಿಯಿತು. ದಡ್ಡ ಹುಡುಗನಿಗೆ ಸಮಾಧಾನ ಹೇಳುವ ದನಿಯಲ್ಲಿ ಅಂದಳು: "ನೀವು ಭಾಳ ಅಂಜಿದ್ರಿ. ಅಂಜಿದವ್ರಿಗಿ ಒಂದು ಇದ್ದದ್ದು ಮೂರು ಕಾಣ್ತದ. ಬಿಡ್ರಿ."

ನನ್ನ ಮೈ ಉರಿದುಹೋಯಿತು. ಜೀವ ಉಳಿಸಿದ್ದಕ್ಕೆ ಬೈದರು, ಸಹಿಸಿದೆ. ಕಣ್ಣಾರೆ ಕಂಡದ್ದನ್ನೂ ನಂಬುವುದಿಲ್ಲವೇ? ನಾನೂ ಡಿಗ್ರಿ ಓದಿದವನು, ಮೂರರವರೆಗೆ ಎಣಿಸಲು ಬರುವುದಿಲ್ಲವೇ?

ಬರುವ ರವಿವಾರ ಡಾಬಕಾಕ್ಕೆ ಹೊರಟಿದ್ದೇವೆ. ಹೊರಡಿಸಿದವನು ನಾನು. ಫೋಟೊ ತೆಗೆಯುವವನೂ ನಾನೇ. ಚುಕ್ಕಿ ಎಣಿಸಿ ಗುಂಪಿನವರ ಮುಖಕ್ಕೆ ಹಿಡಿಯುವವರೆಗೆ ನನಗೆ ಸಮಾಧಾನವಿಲ್ಲ. "ಆ ಬಾವಿ ಕಡಿ ಬ್ಯಾಡ್ರಿ, ನನಗ್ಯಾಕೋ ಅಂಜಿಕಿ ಬರ್ತದ," ಎಂದು ಮಹಾನಂದಾ ಬೆಳಿಗ್ಗೆಯಿಂದ ಗೋಗರೆಯುತ್ತಿದ್ದಾಳೆ. ಅವಳು ಅಂಜುವ ಕಾರಣ ನನಗೆ ತಿಳಿಯದೆ ಇಲ್ಲ. ಆಣೆ ಮಾಡಿದವಳು ಅವಳು, ನಾನು ಮಾಡಿಲ್ಲ.