ಕಾಕಾನ ಸುಣ್ಣದ ಮನೆ

ಕಟ್ಟದೇ ಇರುವ ಮನೆಯ ಗೋಡೆ ದಾಟಿದ್ದಕ್ಕೆ ಬೈಸಿಕೊಂಡವರು ಈ ಭೂಮಿಯ ಮೇಲೆ ಯಾರಾದರೂ ಇದ್ದರೆ, ಅದು ನಾವು! ನಮ್ಮ ಕಾಕಾನ ಮನೆಗೆ ಆಗ ಇಟ್ಟಿಗೆ ಇರಲಿಲ್ಲ, ಸಿಮೆಂಟ್ ಇರಲಿಲ್ಲ, ತಲೆಯ ಮೇಲೆ ಸೂರೂ ಇರಲಿಲ್ಲ. ಆದರೆ ಮುಂಬಾಗಿಲು, ಹಿತ್ತಲ ಬಾಗಿಲು ಎರಡೂ ಇದ್ದವು. ಮುಂಬಾಗಿಲಲ್ಲಿ ಚಪ್ಪಲಿ ಬಿಡದೆ ಒಳಗೆ ಕಾಲಿಟ್ಟರೆ ಅವನ ಮೂಗಿನ ತುದಿ ಕೆಂಪಾಗುತ್ತಿತ್ತು. ಹುಚ್ಚು ಅಂತೀರಾ? ನಮ್ಮವ್ವನೂ ಹಾಗೇ ಅಂದಳು.

ಕಾಕಾ ಅಂದರೆ ನಮ್ಮಪ್ಪನ ತಮ್ಮ. ಗದಗಿನ ಕಡೆಯಿಂದ ಅಪ್ಪ ಸರ್ಕಾರಿ ಗುಮಾಸ್ತನಾಗಿ ಬೆಂಗಳೂರಿಗೆ ಬಂದ. ಬೆನ್ನಿಗೇ ಕಾಕಾನೂ ಬಂದು ಯಶವಂತಪುರದ ಕಡೆಯ ಒಂದು ಕಾರ್ಖಾನೆಗೆ ಸೇರಿಕೊಂಡ. ನಾವು ಆರ್.ಟಿ. ನಗರದ ಬಾಡಿಗೆ ಮನೆಯಲ್ಲಿ, ಅವನು ಯಶವಂತಪುರದ ವಠಾರದ ಒಂದು ಕೋಣೆಯಲ್ಲಿ. ಮದುವೆಯ ಮಾತು ಬಂದಾಗಲೆಲ್ಲ "ಮೊದಲ ಮನಿ ಆಗಲಿ" ಅನ್ನುತ್ತಿದ್ದ. ಮನೆಯ ಮಾತು ತೆಗೆದರೆ "ಮೊದಲ ನಮ್ಮ ಮಂದಿ ಕೂಡಿ ಇರಾಕ ಒಪ್ಪಲಿ" ಅನ್ನುತ್ತಿದ್ದ. ಹೀಗೆ ಒಂದಕ್ಕೊಂದು ಗಂಟು ಬಿದ್ದು, ವಯಸ್ಸು ಮಾತ್ರ ಯಾರನ್ನೂ ಕೇಳದೆ ಮುಂದೆ ಹೋಯಿತು.

ಅವನ ಹುಚ್ಚಿಗೆ ಮೂಲ ಅವನ ಕೆಲಸ. ಕಾರ್ಖಾನೆಯಲ್ಲಿ ಕಬ್ಬಿಣದ ಎರಕ ಹೊಯ್ಯುತ್ತಾರಲ್ಲ, ಅದಕ್ಕೆ ಮೊದಲು ಅದೇ ಆಕಾರವನ್ನು, ಹೆಚ್ಚುಕಡಿಮೆ ಅಷ್ಟೇ ದೊಡ್ಡದಾಗಿ, ಮರದಲ್ಲಿ ಮಾಡಿಕೊಳ್ಳಬೇಕು. ಆ ಮರದ ಮಾದರಿ ಮಾಡುವವನು ನಮ್ಮ ಕಾಕಾ. ಕೈಯಲ್ಲಿ ಮುಟ್ಟಿ, ಸುತ್ತ ತಿರುಗಿ ನೋಡದ ಯಾವ ವಸ್ತುವನ್ನೂ ಅವನು ನಂಬುತ್ತಿರಲಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಕೊಡಿಗೇಹಳ್ಳಿ ದಾಟಿ ಸಿಂಗಾಪುರ ಅನ್ನುವ ಹಳ್ಳಿಯ ದಾರಿಯಲ್ಲಿ ಅವನಿಗೊಂದು ಸೈಟು ಸಿಕ್ಕಿತು. ಸುತ್ತ ರಾಗಿ ಹೊಲ, ಆಚೆಗೊಂದು ದ್ರಾಕ್ಷಿ ತೋಟ. ಅಪ್ಪ ಒಬ್ಬ ನಕ್ಷೆ ಬರೆಯುವವನನ್ನು ಹಿಡಿದು ತಂದ. ಕಾಕಾ ನಕ್ಷೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಇದರಾಗ ಅಡಿಗಿಮನಿಯಿಂದ ದೇವರಮನಿಗೆ ಹೋಗಾಕ ಎಷ್ಟ್ ಹೊತ್ ಹಿಡೀತೈತ್ರಿ?"

"ಅಯ್ಯೋ, ಒಂದ್ ನಿಮಿಷಾನೂ ಬೇಡ ಸಾರ್."

"ನೀವು ಹೋಗಿ ನೋಡೀರೇನು?"

ಆ ಮನುಷ್ಯ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಎದ್ದು ಹೋದವನು ಮತ್ತೆ ನಮ್ಮ ಬೀದಿಯಲ್ಲಿ ಕಾಣಿಸಲಿಲ್ಲ.

ಮುಂದಿನ ಭಾನುವಾರ ನಮಗೆಲ್ಲ ಅಪ್ಪಣೆಯಾಯಿತು: ಎಲ್ಲರೂ ಸೈಟಿಗೆ ಬರಬೇಕು, ಬುತ್ತಿ ಕಟ್ಟಿಕೊಂಡು ಬರಬೇಕು, ಸಂಜೆಯವರೆಗೆ ಇರಬೇಕು. ನಾವು ಅಂದರೆ ಅಪ್ಪ, ಅವ್ವ, ಹೈಸ್ಕೂಲಿನಲ್ಲಿದ್ದ ನಾನು. ಜೊತೆಗೆ ಮಲ್ಲೇಶ್ವರದಲ್ಲಿದ್ದ ಅತ್ತೆ, ಅಂದರೆ ಅಪ್ಪನ ತಂಗಿ, ಮತ್ತು ಅವಳ ಗಂಡ. ಹೆಬ್ಬಾಳದಲ್ಲಿ ಬಸ್ಸಿಳಿದು, ಬಿಸಿಲಲ್ಲಿ ನಡೆದು ಹೋಗಿ ನೋಡಿದರೆ, ಕೆಂಪು ಮಣ್ಣಿನ ಮೇಲೆ ಬಿಳೀ ಸುಣ್ಣದ ಗೆರೆಗಳು! ಪಡಸಾಲೆ, ಅಡಿಗೆಮನೆ, ದೇವರಮನೆ, ಅಪ್ಪ-ಅವ್ವನ ಕೋಣೆ, ಅತ್ತೆಯ ಕೋಣೆ, ನನಗೆ ಓದಲು ಒಂದು ಮೂಲೆ. ಎಲ್ಲವೂ ನಿಜವಾದ ಅಳತೆಯಲ್ಲಿ. ಗೆರೆ ಎಲ್ಲಿ ತುಂಡಾಗಿದೆಯೋ ಅಲ್ಲಿ ಬಾಗಿಲು.

"ಇವತ್ತ ಇಡೀ ದಿನ ಇದರಾಗ ಬಾಳೇವು ಮಾಡಿ ನೋಡ್ರಿ. ಎಲ್ಲಿ ಅಡಚಣಿ ಆಕ್ಕೈತಿ ಹೇಳ್ರಿ. ಗೋಡಿ ಕಟ್ಟಿದ ಮ್ಯಾಲ ಹೇಳಿದ್ರ ನಾ ಕೇಳಾಂವಲ್ಲ," ಅಂದ ಕಾಕಾ.

ಅವ್ವ ನೀರಿನ ತಂಬಿಗೆ ತರಲು ನೆಟ್ಟಗೆ ನಡೆದಳು.

"ವೈನೀ! ಗೋಡಿ! ಗೋಡಿಯೊಳಗ ಹಾದು ಹೊಂಟೀರಲ್ರಿ!"

ಅತ್ತಿಗೆಯ ಮೇಲೆ ಕಾಕಾ ಕೂಗಿದ್ದೇ ತಡ, ಅವ್ವ ಅಲ್ಲೇ ಗಕ್ಕನೆ ನಿಂತುಬಿಟ್ಟಳು. ಒಂದು ಕಾಲು ಅಡಿಗೆಮನೆಯಲ್ಲಿ, ಇನ್ನೊಂದು ಪಡಸಾಲೆಯಲ್ಲಿ. ಅತ್ತ ಅಪ್ಪ ತನ್ನ ಕೋಣೆಯಲ್ಲಿ ಟವೆಲ್ ಹಾಸಿ ಅಂಗಾತ ಮಲಗಿ, ಯಲಹಂಕದ ಕಡೆಯಿಂದ ಬಂದ ವಿಮಾನವೊಂದನ್ನು ನೋಡುತ್ತ "ಎಷ್ಟು ಕೆಳಗ ಹಾರತಾವ ನೋಡು" ಅಂದ. ಕಾಕಾನಿಗೆ ಅದೂ ತಡೆಯಲಾಗಲಿಲ್ಲ.

"ಅಣ್ಣಾ, ನಿನಗ ವಿಮಾನ ಹೆಂಗ ಕಾಣಸ್ತೈತೋ? ಮ್ಯಾಲ ಸ್ಲ್ಯಾಬ್ ಐತಿ!"

ಅಪ್ಪ ಪಾಪ, ಸಾಯಂಕಾಲದವರೆಗೆ ಮಗ್ಗುಲಾಗಿ ಮಲಗಿದ್ದ.

ಮಧ್ಯಾಹ್ನದ ಹೊತ್ತಿಗೆ ಕೊಡಿಗೇಹಳ್ಳಿಯ ಯಜಮಾನರೊಬ್ಬರು ಎಮ್ಮೆ ಹೊಡೆದುಕೊಂಡು ಬಂದರು. ಅವರು ನಿಂತರು, ಎಮ್ಮೆ ನಿಲ್ಲಲಿಲ್ಲ. ಅದು ನೇರ ದೇವರಮನೆಗೆ ಹೋಯಿತು.

"ಅಲ್ಲ ಸಾಮಿ, ಇಂಗೆ ಬಿಸ್ಲಾಗೆ ಯಾಕ್ ಕುಂತಿದ್ದೀರಾ ಎಲ್ಲಾರೂವೆ?" ಎಂದು ಕೇಳಿದರು.

"ಬಿಸಲಾಗ ಎಲ್ಲಿ? ಮನ್ಯಾಗ ಕುಂತೇವಿ. ಬರ್ರಿ ಒಳಗ, ಚಾ ಕುಡೀರಿ," ಅಂದ ಕಾಕಾ.

ಯಜಮಾನರು ಸುತ್ತ ನೋಡಿದರು. ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಏನನ್ನಿಸಿತೋ, ಮುಂಬಾಗಿಲಿಗೆ ಸುತ್ತಿಕೊಂಡು ಬಂದು, ಚಪ್ಪಲಿ ಬಿಟ್ಟು, ಪಡಸಾಲೆಯಲ್ಲಿ ಕೂತು, ಫ್ಲಾಸ್ಕಿನ ಚಹಾ ಕುಡಿದರು. ಏಳುವಾಗ ಹೇಳಿದರು: "ಮನೆ ಭೋ ಸಂದಾಕೈತೆ ಸಾಮಿ. ಅದೇನ್ ಗಾಳಿ, ಅದೇನ್ ಬೆಳಕು!"

ಕಾಕಾನ ಎದೆ ಉಬ್ಬಿದ್ದು ನೋಡಬೇಕಿತ್ತು.

ಆಮೇಲೆ ತಿಂಗಳಿಗೊಂದೆರಡು ಭಾನುವಾರ ನಾವು ಆ ಮನೆಯಲ್ಲಿ ಬಾಳೇವು ಮಾಡಿದೆವು. ಪ್ರತಿ ಸಲವೂ ಕೋಣೆಗಳು ಸ್ಥಳ ಬದಲಾಯಿಸಿರುತ್ತಿದ್ದವು. ಒಂದು ಸಲ ಬಚ್ಚಲು ಈಶಾನ್ಯಕ್ಕೆ ಹೋಗಿಬಿಟ್ಟು ಅತ್ತೆ ಊಟ ಬಿಟ್ಟು ಕೂತಳು. ಇನ್ನೊಂದು ಸಲ ಜಗಳವೇ ಆಯಿತು. ಅವ್ವ ತನ್ನ ಕೋಣೆಯಲ್ಲಿ ಕೂತು ಅಪ್ಪನಿಗೆ ಮೆಲ್ಲಗೆ "ನಿಮ್ಮ ತಂಗಿ ಒಂದು ತಾಟೂ ತೊಳೀಲಿಲ್ಲ ನೋಡ್ರಿ" ಅಂದಳು. ಪಕ್ಕದ ಕೋಣೆಯಲ್ಲಿದ್ದ ಅತ್ತೆ ಪಟ್ಟನೆ ಎದ್ದಳು.

"ವೈನಿ, ನನಗ ಎಲ್ಲಾ ಕೇಳಿಸ್ತು!"

ಕಾಕಾ ಪಡಸಾಲೆಯಿಂದ ಓಡಿ ಬಂದ. ಇಬ್ಬರ ನಡುವೆ ನಿಂತು ಅತ್ತೆಗೆ ಹೇಳಿದ: "ಅಕ್ಕಾ, ಸುಳ್ಳ ಹೇಳಬ್ಯಾಡ. ಒಂಬತ್ತ ಇಂಚಿನ ಗೋಡಿ ಐತಿ. ಕೇಳಸಾಕ ಸಾಧ್ಯನ ಇಲ್ಲ!"

ನಗದೆ ಇರಲು ಸಾಧ್ಯವೇ? ಅತ್ತೆ ನಕ್ಕಳು, ಅವ್ವ ನಕ್ಕಳು, ಜಗಳ ಅಲ್ಲಿಗೆ ಮುಗಿಯಿತು. ಆದರೂ ಮುಂದಿನ ಸಲ ಹೋಗಿ ನೋಡಿದರೆ ಆ ಎರಡು ಕೋಣೆಗಳ ನಡುವಿನ ಗೆರೆ ಡಬಲ್ ಆಗಿತ್ತು.

ಕೋಣೆಗಳನ್ನೆಲ್ಲ ಬೇಕಾದ್ದಕ್ಕಿಂತ ಒಂದು ಗೇಣು ದೊಡ್ಡದಾಗಿಯೇ ಹಾಕುತ್ತಿದ್ದ. ಎರಕದ ಕಬ್ಬಿಣ ಆರಿದ ಮೇಲೆ ಸ್ವಲ್ಪ ಕುಗ್ಗುತ್ತದಂತೆ, ಅದಕ್ಕೇ ಮಾದರಿಯನ್ನು ಒಂದಿಷ್ಟು ದೊಡ್ಡದು ಮಾಡುತ್ತಾರಂತೆ. "ಮನೆ ಕಬ್ಬಿಣ ಅಲ್ವಲ್ಲ ಕಾಕಾ, ಅದ್ಯಾಕೆ ಕುಗ್ಗುತ್ತೆ?" ಅಂತ ಕೇಳಿದೆ. "ನೀ ಬೆಂಗಳೂರಾಕಿ ಆದಿ ಬಿಡವಾ, ನಿನಗ ತಿಳಿಯಾಂಗಿಲ್ಲ. ಮಂದಿ ತುಂಬಿದ ಮ್ಯಾಲ ಎಂಥಾ ಮನೀನೂ ಸಣ್ಣದ ಆಕ್ಕೈತಿ" ಅಂದ. ಮಂದಿ ತುಂಬುವುದರ ಬಗ್ಗೆ ಅವನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಸಂಶಯ ಇದ್ದದ್ದು ನಮಗೆ. ಅಲ್ಲಿ ನೀರಿಲ್ಲ, ದೀಪವಿಲ್ಲ, ಸಂಜೆಯಾದರೆ ಬಸ್ಸಿಲ್ಲ. ಅಪ್ಪನ ಆಫೀಸು ಎಲ್ಲಿ, ನನ್ನ ಸ್ಕೂಲು ಎಲ್ಲಿ, ಆ ರಾಗಿ ಹೊಲ ಎಲ್ಲಿ! ಮೊದಲು ಅತ್ತೆಯ ಗಂಡನಿಗೆ ಹುಬ್ಬಳ್ಳಿಗೆ ವರ್ಗವಾಯಿತು. ಅವರಿಗೆ ಅದು ಸಂತೋಷದ ಸುದ್ದಿ, ಪೇಡೆ ಹಂಚಿ ಹೋದರು. ಆಮೇಲೆ ಅಪ್ಪನಿಗೆ ಸರ್ಕಾರಿ ಕ್ವಾರ್ಟರ್ಸ್ ಸಿಕ್ಕಿತು. ಯಾರೂ ಕಾಕಾನಿಗೆ "ನಾವು ಬರೋದಿಲ್ಲ" ಅಂತ ಬಾಯಿಬಿಟ್ಟು ಹೇಳಲಿಲ್ಲ. "ನೋಡೋಣ", "ಮಳಿಗಾಲ ಮುಗೀಲಿ", "ಪರೀಕ್ಷಾ ಮುಗೀಲಿ" ಅಂದೆವು. ನಮ್ಮ ಜನಕ್ಕೆ ಇಲ್ಲ ಅನ್ನುವುದಕ್ಕೆ ಎಷ್ಟು ಮಾತುಗಳಿವೆ ನೋಡಿ! ಕಾಕಾ ಎಲ್ಲದಕ್ಕೂ "ಆತು, ಆತು" ಅನ್ನುತ್ತಿದ್ದ.

ಆ ದಿನಗಳಲ್ಲೇ ಒಮ್ಮೆ ಯುಗಾದಿಯ ಹೋಳಿಗೆ ಕೊಡಲು ನಾನು ಅವನ ವಠಾರಕ್ಕೆ ಹೋದೆ. ಬಾಗಿಲಿಗೆ ಬೀಗ, ಒಳಗೆ ಮಾತ್ರ ಯಾರೋ ಗಂಟಲು ಬಿಚ್ಚಿ ಮಾತಾಡುತ್ತಿದ್ದಾರೆ! ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಪಕ್ಕದ ಮನೆಯ ಬೀಬಿ ನಕ್ಕರು. "ರೇಡಿಯೋ ಕಣಮ್ಮಾ. ಡ್ಯೂಟಿಗೆ ಹೋಗೋವಾಗ ಹಾಕ್ಬಿಟ್ಟೇ ಹೋಗ್ತಾರೆ. ಓನರ್ ದಿನಾ ಕರೆಂಟ್ ಕರೆಂಟ್ ಅಂತ ಬಯ್ತಾರೆ, ಇವ್ರು ಕೇಳಲ್ಲ." ಅಷ್ಟರಲ್ಲಿ ಕಾಕಾ ಬಂದ. ಯಾಕೆ ಹೀಗೆ ಮಾಡ್ತೀಯ ಅಂತ ಕೇಳಿದೆ. ಬೀಗ ತೆಗೆಯುತ್ತ, ನನ್ನ ಕಡೆ ತಿರುಗದೆ ಹೇಳಿದ: "ಕೀಲಿ ತಗಿಯೂ ಹೊತ್ತಿನಾಗ ಒಳಗ ಯಾರರ ಮಾತಾಡ್ತಿದ್ರ ಚಲೋ ಅನಸ್ತೈತವಾ."

ಮನೆಗೆ ಬಂದು ಇದನ್ನು ದೊಡ್ಡ ತಮಾಷೆಯಂತೆ ಹೇಳಿದೆ. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಅವ್ವ ನಗಲಿಲ್ಲ. ಹಾಲು ಉಕ್ಕಿ ಹೋಗುತ್ತಿದ್ದರೂ ಹಾಗೇ ನಿಂತಿದ್ದಳು.

ನಾನು ಕಾಲೇಜು ಮುಗಿಸುವ ಹೊತ್ತಿಗೆ ಒಂದು ದಿನ ಸುದ್ದಿ ಬಂತು: ಕಾಕಾ ಮನೆ ಕಟ್ಟಿಸಿದ್ದಾನೆ. ಕಟ್ಟಿಸಿದ್ದಷ್ಟೇ ಅಲ್ಲ, ವಠಾರ ಬಿಟ್ಟು ಅಲ್ಲಿಗೆ ಹೋಗಿಯೂ ಆಗಿದೆ. ಯಾರಿಗೂ ಹೇಳಲಿಲ್ಲ, ಯಾರನ್ನೂ ಕರೆಯಲಿಲ್ಲ. ಒಬ್ಬನೇ ಹಾಲುಕ್ಕಿಸಿ, ಒಬ್ಬನೇ ಕುಡಿದನಂತೆ.

ಅವ್ವನ ಸಿಟ್ಟು ನೋಡಬೇಕಿತ್ತು! "ನಾವೇನ ಸತ್ತ ಹೋಗಿದ್ವೇನ್ರಿ? ಹೇಳದ ಕೇಳದ ಹಾಲ ಉಕ್ಕಿಸ್ಯಾರಂತ! ಏಳ್ರಿ, ಹೋಗಿ ಕೇಳೂಣು" ಎಂದು ಅಪ್ಪನನ್ನು ಎಬ್ಬಿಸಿ, ಆ ಭಾನುವಾರವೇ ನಮ್ಮನ್ನು ಹೊರಡಿಸಿದಳು. ದಾರಿಯುದ್ದಕ್ಕೂ ಏನೇನು ಬೈಯಬೇಕು ಅಂತ ಬಾಯಿಪಾಠ ಮಾಡುತ್ತಲೇ ಬಂದಳು.

ದ್ರಾಕ್ಷಿ ತೋಟ ಹೋಗಿ ಅಲ್ಲಿ ಬೇರೆ ಮನೆಗಳೆದ್ದಿದ್ದವು. ಕಾಕಾನ ಮನೆ ಚಿಕ್ಕದು. ಒಂದು ಪಡಸಾಲೆ, ಒಂದು ಕೋಣೆ, ಒಂದು ಅಡಿಗೆಮನೆ, ಅಷ್ಟೆ. ಬಾಗಿಲು ತೆರೆದೇ ಇತ್ತು. ಉಪ್ಪಿಟ್ಟಿನ ವಾಸನೆ ಹಿಡಿದು ಅವ್ವ ಸೀದಾ ಅಡಿಗೆಮನೆಗೆ ನುಗ್ಗಿದಳು, ನಾವು ಅವಳ ಹಿಂದೆ. ಅಲ್ಲಿ ಕಾಕಾ ಒಂದು ಮರದ ಮಣೆಯ ಮೇಲೆ ಹತ್ತಿ ನಿಂತು, ಕಡಪಾ ಕಲ್ಲಿನ ಕಟ್ಟೆಯ ಮೇಲಿನ ಸ್ಟವ್ವಿನಲ್ಲಿ ಉಪ್ಪಿಟ್ಟು ತಿರುವುತ್ತಿದ್ದ. ಮೊದಲೇ ಕುಳ್ಳ. ಮಣೆ ಇಲ್ಲದಿದ್ದರೆ ಬಾಣಲೆಯೊಳಗೆ ಏನಿದೆ ಅಂತ ಅವನಿಗೆ ಕಾಣುತ್ತಲೇ ಇರಲಿಲ್ಲ!

ಅಪ್ಪನಿಗೆ ನಗು ತಡೆಯಲಾಗಲಿಲ್ಲ. "ಏನೋ ಇದು? ಗೌಂಡಿ ಕುಡದು ಕಟ್ಟ್ಯಾನೇನು? ನಿನ್ನ ಎದಿ ಮಟಾ ಬಂದೈತಲ್ಲೋ ಕಟ್ಟಿ!"

"ಗೌಂಡೀದೇನೂ ತಪ್ಪಿಲ್ಲಣ್ಣಾ. ಅಳತಿ ನಾನ ಕೊಟ್ಟಿದ್ದು," ಅಂದ ಕಾಕಾ.

ಅವ್ವ ಬೈಗುಳವನ್ನು ಆಮೇಲೆ ನೋಡಿಕೊಂಡರಾಯಿತು ಅನ್ನುವಂತೆ "ಸರೀರಿ, ತಳಾ ಹತ್ತಾಕತ್ತೈತಿ" ಎಂದು ಅವನ ಕೈಯಿಂದ ಸಟ್ಟುಗ ಕಿತ್ತುಕೊಂಡಳು. ಮಣೆಯನ್ನು ಕಾಲಿಂದ ಪಕ್ಕಕ್ಕೆ ತಳ್ಳಿ ಕಟ್ಟೆಯ ಮುಂದೆ ನಿಂತಳು.

ನಮ್ಮವ್ವ ನಮ್ಮ ಮನೆತನದಲ್ಲೇ ಎತ್ತರದ ಹೆಂಗಸು, ಅಪ್ಪನಿಗಿಂತ ಎರಡು ಬೆರಳು ಹೆಚ್ಚೇ. ನಾವಿದ್ದ ಯಾವ ಬಾಡಿಗೆ ಮನೆಯಲ್ಲೂ, ಕ್ವಾರ್ಟರ್ಸಿನಲ್ಲೂ, ಅವಳು ಬಗ್ಗದೆ ಅಡಿಗೆ ಮಾಡಿದ್ದನ್ನು ನಾನು ಕಂಡಿಲ್ಲ. ಸಂಜೆ ಸೊಂಟಕ್ಕೆ ಎಣ್ಣೆ ತಿಕ್ಕಿಕೊಂಡು ಮಲಗುವವಳು. ಆ ದಿನ ಅವಳು ನೆಟ್ಟಗೆ ನಿಂತಿದ್ದಳು. ಸಟ್ಟುಗ ಹಿಡಿದ ಕೈ ಸರಿಯಾಗಿ ಕಟ್ಟೆಗೆ ಒದಗಿತ್ತು. ವಾರಕ್ಕೊಮ್ಮೆ ಊಟಕ್ಕೆ ಬಂದು ಬಾಗಿಲಲ್ಲಿ ಕೂತು ಹರಟುತ್ತಿದ್ದ ಕಾಕಾ ಇದನ್ನು ಯಾವಾಗ ನೋಡಿಕೊಂಡನೋ ಏನೋ! ಅವ್ವ ಒಂದು ಕ್ಷಣ ಕಟ್ಟೆಯ ಮೇಲೆ ಕೈಯಾಡಿಸಿದಳು. ಬೈಯಲು ಬಂದವಳು ಉಪ್ಪಿಟ್ಟು ಇಳಿಸಿ, ರೊಟ್ಟಿ ಬಡಿದಳು, ಪಲ್ಯ ಮಾಡಿದಳು, ಎಲ್ಲರಿಗೂ ಬಡಿಸಿದಳು.

ಸಂಜೆ ಹೊರಡುವ ಹೊತ್ತಾಯಿತು. ಅಪ್ಪ ಬಸ್ಸಿಗೆಂದು ಚಿಲ್ಲರೆ ಕೈಯಲ್ಲಿ ಹಿಡಿದು ರಸ್ತೆಗಿಳಿದಿದ್ದ. ಚಪ್ಪಲಿ ಮೆಟ್ಟುತ್ತ ಅವ್ವ ಅಂದಳು, "ನಾಳಿಗೇ ಗೌಂಡಿನ್ನ ಕರಸಿ ಆ ಕಟ್ಟಿ ಇಳಸ್ರಿ. ಮಣಿ ಮ್ಯಾಲಿಂದ ಬಿದ್ದು ಕೈಕಾಲ ಮುರಕೊಂಡ್ರ ಇಲ್ಲಿ ನೋಡಾವ್ರ ಯಾರದಾರ?"

ಕಾಕಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. "ಇಳಸತೇನಿ, ಅದಕ್ಕೇನು" ಅಂದ. ಅಷ್ಟೇ ಸಹಜವಾಗಿ ಕೇಳಿದ: "ಆದರ ವೈನಿ, ಆಮ್ಯಾಲ ನೀವು ಬಂದ್ರ?"

ಅವ್ವ ಮೆಟ್ಟಿದ ಚಪ್ಪಲಿ ಬಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಒಳಗೆ ಹೋದಳು. ಅಡಿಗೆಮನೆಯಿಂದ ಅವಳ ದನಿ ಕೇಳಿಸಿತು: "ರಾತ್ರಿಗೆ ಅಕ್ಕಿ ಎಲ್ಲಿಟ್ಟೀರಿ?"

ಅಪ್ಪ ಚಿಲ್ಲರೆಯನ್ನು ಕಿಸೆಗೆ ಹಾಕಿಕೊಂಡ.