ತಕ್ಕಡಿ ಸಾಹೇಬರ ಮದುವೆಯ ಪ್ಯಾಂಟು

"ನನ್ನ ಕಣ್ಣಿಗೆ ಮಣ್ಣೆರಚೋ ತಕ್ಕಡಿ ಈ ಭೂಮಿ ಮೇಲೆ ಇನ್ನೂ ಹುಟ್ಟಿಲ್ಲ!"

ಹೀಗೆಂದು ಘೋಷಿಸಿ ತಕ್ಕಡಿ ಸಾಹೇಬರು ಕನ್ನಡಿಯ ಮುಂದೆ ನಿಂತು ತಮ್ಮ ಮದುವೆಯ ಪ್ಯಾಂಟಿನ ಗುಂಡಿ ಹಾಕಿಕೊಂಡರು. ಗುಂಡಿ ಸಲೀಸಾಗಿ ಕೂತಿತು. ವರ್ಷಕ್ಕೊಮ್ಮೆ, ಮದುವೆಯಾದ ದಿನ, ಇದು ನಡೆಯಲೇಬೇಕಾದ ಕಾರ್ಯಕ್ರಮ. ಬೂದು ಬಣ್ಣದ ಪ್ಯಾಂಟು ಪೆಟ್ಟಿಗೆಯಿಂದ ಹೊರಗೆ ಬರುತ್ತದೆ, ಸಾಹೇಬರು ಅದರ ಒಳಗೆ ಹೋಗುತ್ತಾರೆ, ಮನೆಮಂದಿ ಸಾಕ್ಷಿಯಾಗುತ್ತಾರೆ. ಮನೆಮಂದಿ ಎಂದರೆ ಇಬ್ಬರೇ. ಹೊಲಿಗೆ ಯಂತ್ರದ ಮುಂದೆ ಕೂತ ಹೆಂಡತಿ ಮತ್ತು ಕುರ್ಚಿಯಲ್ಲಿ ಕೂತು ಪೇಪರ್ ಓದುವ ಹೆಂಡತಿಯ ತಾಯಿ.

"ಮದುವೆ ದಿನ ಅರವತ್ತೆರಡು ಕಿಲೋ. ಇವತ್ತೂ ಅರವತ್ತೆರಡು. ಪ್ಯಾಂಟೇ ಸಾಕ್ಷಿ!" ಎಂದರು ಸಾಹೇಬರು.

ಅತ್ತೆ ಪೇಪರನ್ನು ಸ್ವಲ್ಪ ಮೇಲೆತ್ತಿ ಮುಖಕ್ಕೆ ಮರೆ ಮಾಡಿಕೊಂಡರು.

ಸಾಹೇಬರು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ಅಂಗಡಿಯವರು ತೂಗುವಾಗ ತಟ್ಟೆಗೆ ಕಿರುಬೆರಳು ತಾಗಿಸಿದರೂ ಬೀದಿಯ ಆ ಕೊನೆಯಿಂದಲೇ ಅವರಿಗೆ ಗೊತ್ತಾಗುತ್ತಿತ್ತು. ತಪ್ಪು ತಕ್ಕಡಿ ಕಂಡರೆ ಅಲ್ಲೇ ಸೀಲು, ಅಲ್ಲೇ ಜಪ್ತಿ. ಆದರೆ ಇಷ್ಟು ವರ್ಷಗಳಲ್ಲಿ ತಾವೇ ಒಂದು ತಕ್ಕಡಿ ಹತ್ತಿ ನೋಡಿದವರಲ್ಲ. ಪ್ಯಾಂಟು ಇರುವಾಗ ಅದೇಕೆ? ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಮ್ಮನೆ ಹುಟ್ಟಿದ ಮಾತಲ್ಲ.

ಆ ವರ್ಷ ಅವರು ಇನ್ನೂ ಒಂದು ಘೋಷಣೆ ಮಾಡಿದರು. ರಜೆ ಹಾಕಿ ಮೂವರೂ ದ್ವೀಪಕ್ಕೆ ಹೋಗುವುದು, ಅಲ್ಲಿ ಸೀಪ್ಲೇನ್ ಹತ್ತುವುದು. ಇದು ಹೆಂಡತಿಯ ಆಸೆ. ಊರವರ ಬಟ್ಟೆ ಹೊಲಿಯುವ ಅವಳು ಹಗಲೆಲ್ಲ ತಲೆ ತಗ್ಗಿಸಿ ಸೂಜಿಯ ತುದಿ ನೋಡುವವಳು. ಒಡವೆ ಕೇಳಿದವಳಲ್ಲ, ಸೀರೆ ಕೇಳಿದವಳಲ್ಲ. ಕೇಳಿದ್ದು ಒಂದೇ. "ಒಂದ್ಸಲ ಮೇಲಿಂದ ಕೆಳಗೆ ನೋಡ್ಬೇಕು ರೀ."

ಸೀಟು ಕಾದಿರಿಸಲು ಫೋನು ಮಾಡಿದಾಗ ಆ ಕಡೆಯವರು ಎಲ್ಲರ ತೂಕ ಕೇಳಿದರು. ಅತ್ತೆ ಡಾಕ್ಟರ ಬಳಿ ತೂಗಿಸಿದ್ದನ್ನು ಹೇಳಿದರು. ಹೆಂಡತಿ ತನ್ನದನ್ನು ಹೇಳಿದಳು. ಸಾಹೇಬರು ಎದೆಯುಬ್ಬಿಸಿ, "ಅರವತ್ತೆರಡು!" ಎಂದರು. ಹೊಲಿಗೆ ಯಂತ್ರ ಗಕ್ಕನೆ ನಿಂತಿತು.

"ರೀ, ಒಂದ್ಸಲ ತೂಕ ನೋಡ್ಕೊಂಡು ಹೇಳ್ಬಹುದಿತ್ತಲ್ಲ?"

"ತೂಕದ ವಿಷಯ ನಂಗೆ ಹೇಳ್ಕೊಡ್ತೀಯಾ?"

ಹೆಂಡತಿ ಮತ್ತೆ ಯಂತ್ರ ತುಳಿದಳು.

ದ್ವೀಪದಲ್ಲಿ ಉಳಿದದ್ದು ಒಂದೇ ಹಗಲು. ಮಾರನೆಯ ಬೆಳಿಗ್ಗೆ ಊರಿನ ಹಡಗು. ಇವತ್ತು ಸೀಪ್ಲೇನಿನಲ್ಲಿ ಎದುರಿನ ಲೈಟ್‌ಹೌಸ್ ದ್ವೀಪಕ್ಕೆ ಹೋಗಿ, ದೋಣಿಯಲ್ಲಿ ಹಿಂದಿರುಗುವುದು ಎಂದು ನಿಶ್ಚಯವಾಗಿತ್ತು. ಮರದ ಹಲಗೆಯ ಜೆಟ್ಟಿಯ ಪಕ್ಕದಲ್ಲಿ ಹಳದಿ ಸೀಪ್ಲೇನು ಎರಡು ಉದ್ದನೆಯ ತೇಲುಗಾಲುಗಳ ಮೇಲೆ ನಿಂತು, ಹಗ್ಗಕ್ಕೆ ಕಟ್ಟಿದ ಕರುವಿನ ಹಾಗೆ ಜಗ್ಗುತ್ತಿತ್ತು. ಹೆಂಡತಿ ಅದನ್ನು ನೋಡುತ್ತ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಲೇ ಇದ್ದಳು. ಸಾಹೇಬರು ಮದುವೆಯ ಪ್ಯಾಂಟಿನಲ್ಲೇ ಬಂದಿದ್ದರು. ಆಕಾಶಕ್ಕೂ ಒಮ್ಮೆ ತೋರಿಸಬೇಡವೇ!

ಪೈಲಟ್ ಎಂದರೆ ಟೋಪಿ, ಬೂಟು, ಮೀಸೆ ಎಂದುಕೊಂಡಿದ್ದ ಅವರಿಗೆ ಎದುರಾದದ್ದು ಬಿಸಿಲಿಗೆ ಕಪ್ಪಿಟ್ಟ, ಬರಿಗಾಲಿನ ಒಬ್ಬ ಹೆಣ್ಣುಮಗಳು. ಜೆಟ್ಟಿಯ ಮೇಲಿದ್ದ ತೂಕದ ಯಂತ್ರವನ್ನು ಅವಳು ಕಾಲಿನಿಂದಲೇ ಮುಂದೆ ತಳ್ಳಿದಳು.

"ಒಬ್ಬೊಬ್ರೇ ನಿಲ್ಲಿ. ತೂಕ ನೋಡಿ ಸೀಟು ಕೊಡ್ತೀನಿ."

ಅತ್ತೆ ನಿಂತರು, ಹೇಳಿದಷ್ಟೇ ಬಂತು. ಒಳಗೆ ಹೋಗಿ ಕೂತರು. ಹೆಂಡತಿ ನಿಂತಳು, ಹೇಳಿದಷ್ಟೇ ಬಂತು. ಸಾಹೇಬರು ಕ್ರಾಪು ತಿದ್ದಿಕೊಂಡು ನಿಂತರು. ಯಂತ್ರದ ಮುಳ್ಳು ಅರವತ್ತೆರಡನ್ನು ದಾಟಿತು, ಎಪ್ಪತ್ತನ್ನು ದಾಟಿತು, ಎಂಬತ್ತನ್ನೂ ನಾಚಿಕೆಯಿಲ್ಲದೆ ದಾಟಿ ಎಂಬತ್ತೈದರ ಹತ್ತಿರ ನಡುಗುತ್ತ ನಿಂತಿತು.

"ಸರ್, ನೀವು ಅರವತ್ತೆರಡು ಅಂದಿದ್ರಿ," ಎಂದಳು ಪೈಲಟ್.

"ನಾನು ಅರವತ್ತೆರಡೇ. ನಿಮ್ಮ ಯಂತ್ರ ಕೆಟ್ಟಿದೆ."

"ಸರ್, ಇಪ್ಪತ್ಮೂರು ಕಿಲೋ ಜಾಸ್ತಿ ಇಟ್ಕೊಂಡ್ರೆ ಇದು ನೀರು ಬಿಟ್ಟು ಮೇಲೇಳಲ್ಲ."

"ನಾನು ಯಾರು ಗೊತ್ತಾ?" ಎಂದರು ಸಾಹೇಬರು, ಯಂತ್ರದಿಂದ ಕೆಳಗಿಳಿಯುತ್ತ.

ಯಾರೆಂದು ತೋರಿಸಲು ಅವರು ತಮ್ಮ ಚೀಲ ಬಿಚ್ಚಿದರು. ಒಳಗಿನಿಂದ ಒಂದೊಂದಾಗಿ ಹಿತ್ತಾಳೆಯ ತೂಕದ ಬಟ್ಟುಗಳು ಹೊರಬಂದವು. ಒಂದು ಕಿಲೋದ್ದು, ಎರಡು ಕಿಲೋದ್ದು, ಐದು ಕಿಲೋದ್ದು, ಎಲ್ಲದರ ಮೇಲೂ ಇಲಾಖೆಯ ಮುದ್ರೆ!

"ಬಟ್ಟೆ ಚೀಲ ಅಂತ ಹೇಳಿ ನನ್ನ ಕೈಲಿ ಹೊರಿಸಿದ್ದು ಇದನ್ನಾ? ರಜಾದಲ್ಲೂ?" ಎಂದಳು ಹೆಂಡತಿ.

"ರಜಾ ನಂಗೆ. ನ್ಯಾಯಕ್ಕೆ ರಜಾ ಇಲ್ಲ."

ಸಾಹೇಬರು ಮಂಡಿಯೂರಿ ಕೂತು ಬಟ್ಟುಗಳನ್ನು ಯಂತ್ರದ ಮೇಲಿಟ್ಟರು. ಎಂಟು ಕಿಲೋಗೆ ಯಂತ್ರ ಎಂಟೇ ತೋರಿಸಿತು. ತೆಗೆದು ಮತ್ತೆ ಇಟ್ಟರು. ಮತ್ತೆ ಎಂಟು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. "ಸಣ್ಣ ತೂಕಕ್ಕೆ ಪ್ರಾಮಾಣಿಕವಾಗೇ ಇರುತ್ತೆ. ಭಾರ ಬಿದ್ದಾಗಲೇ ಸ್ಪ್ರಿಂಗಿನ ಬುದ್ಧಿ ಗೊತ್ತಾಗೋದು," ಎಂದು ಎದ್ದು ನಿಂತು ವಿಮಾನದ ಕಡೆ ಕೂಗಿದರು. "ಅತ್ತೇ! ಸ್ವಲ್ಪ ಇಳೀರಿ, ಇನ್ನೊಂದ್ಸಲ ತೂಗ್ಬೇಕು!"

"ಬೆಲ್ಟ್ ಹಾಕ್ಕೊಂಡಾಯ್ತು ಅಳಿಯಂದ್ರೇ!"

"ಡಾಕ್ಟರ ಹತ್ರ ತೂಗಿಸಿದ ತೂಕ ನಿಮ್ಮದೊಂದೇ ಇರೋದು. ಈಗ ನೀವೇ ನಮ್ಮ ದೊಡ್ಡ ಬಟ್ಟು!"

ಅತ್ತೆ ಗೊಣಗುತ್ತ ಇಳಿದು ಬಂದು ನಿಂತರು. ಮೊದಲು ಬಂದಷ್ಟೇ ಬಂತು. ಒಂದು ಕಾಲಿನ ಮೇಲೆ ನಿಲ್ಲಿಸಿದರು. ಅಷ್ಟೇ ಬಂತು. ಯಂತ್ರವನ್ನು ತಿರುಗಿಸಿಟ್ಟು ನಿಲ್ಲಿಸಿದರು. ಅಷ್ಟೇ! "ನನ್ನನ್ನೇನು ಗೋಣಿಚೀಲ ಅಂದ್ಕೊಂಡ್ರಾ?" ಎಂದು ಅತ್ತೆ ವಾಪಸು ಹೋಗಿ ಬೆಲ್ಟು ಬಿಗಿದುಕೊಂಡರು.

ಇಷ್ಟರಲ್ಲಿ ಪೈಲಟ್ ಕಡಲಿನ ಕಡೆ ಕೈ ತೋರಿಸಿದಳು. "ಸರ್, ಗಾಳಿ ಏಳ್ತಾ ಇದೆ. ಅಲೆ ಮೇಲೆ ಬಿಳಿ ನೊರೆ ಬಂದ್ರೆ ಇವತ್ತಿಗೆ ಹಾರಾಟ ಮುಗೀತು. ಬೇಗ ಏನಾದ್ರೂ ಹೇಳಿ."

"ಹೇಳೋದೇನು? ಈ ಯಂತ್ರಾನ ಜಪ್ತಿ ಮಾಡ್ತೀನಿ. ತಪ್ಪು ತೂಕದ ಮೇಲೆ ವಿಮಾನ ಹಾರೋಕೆ ನಾನು ಬಿಡಲ್ಲ!"

ಹೆಂಡತಿ ವಿಮಾನವನ್ನು ನೋಡಿದಳು, ನೀರನ್ನು ನೋಡಿದಳು, ಗಂಡನನ್ನು ನೋಡಿದಳು. ದೂರದಲ್ಲಿ ಒಂದೆರಡು ಅಲೆಗಳ ನೆತ್ತಿ ಆಗಲೇ ಬೆಳ್ಳಗಾಗುತ್ತಿತ್ತು. ಅವಳ ಕಣ್ಣಲ್ಲಿ ನೀರು ಬಂತು. ನಾಳೆ ಹಡಗು, ಆಮೇಲೆ ಮತ್ತೆ ಅದೇ ಸೂಜಿಯ ತುದಿ.

"ರೀ, ಬಿಡಿ ಅದನ್ನ. ಯಂತ್ರ ಸುಳ್ಳು ಹೇಳ್ತಾ ಇಲ್ಲ."

"ಮತ್ತೆ ಸುಳ್ಳು ಹೇಳ್ತಿರೋರು ಯಾರು?"

"ನಿಮ್ಮ ಪ್ಯಾಂಟು."

ಸಾಹೇಬರ ಕೈಯಲ್ಲಿದ್ದ ಐದು ಕಿಲೋದ ಬಟ್ಟು ಹಲಗೆಯ ಮೇಲೆ ಧಡ್ ಎಂದು ಬಿತ್ತು.

"ಪ್ರತಿ ವರ್ಷ ಆ ದಿನಕ್ಕೆ ಮುಂಚೆ ನಾನೇ ಹಿಂದಿನ ಹೊಲಿಗೆ ಬಿಚ್ಚಿ ಸಡಿಲ ಮಾಡಿಡ್ತೀನಿ. ಮೊದಲು ಒಳಗಿದ್ದ ಮಾರ್ಜಿನ್ ಬಿಟ್ಟೆ. ಅದು ಮುಗಿದ ಮೇಲೆ ನಿಮ್ಮ ಮದುವೆ ಕೋಟಿಂದ ಬಟ್ಟೆ ತೆಗ್ದೆ."

"ಕೋಟಿನ ಒಳಜೇಬು ಅದಕ್ಕೇ ಮಾಯ ಆಯ್ತಾ? ಆ ಜೇಬಿಗೋಸ್ಕರ ಇಸ್ತ್ರಿಯವನ ಜೊತೆ ಜಗಳ ಆಡಿದ್ದೆನಲ್ಲೇ!"

"ಜೇಬು ನೀವು ಕೂರೋ ಜಾಗದಲ್ಲೇ ಇದೆ."

"ಯಾಕೆ? ಯಾಕೆ ಮಾಡ್ದೆ ಹಾಗೆ?" ಎಂದರು ಸಾಹೇಬರು. ದನಿ ಇಲಾಖೆಯದಾಗಿ ಉಳಿದಿರಲಿಲ್ಲ.

"ಮೊದಲ ಸಲ ಗುಂಡಿ ಹಿಡಿಯದೆ ಇದ್ದ ವರ್ಷ ನೆನಪಿದ್ಯಾ? ನೀವು ಮುಖ ಊದಿಸ್ಕೊಂಡು ಕೂತ್ರಿ, ಮನೆಯಲ್ಲಿ ಎಲ್ರಿಗೂ ಬೇಯಿಸಿದ ಸೊಪ್ಪೇ ಗತಿ ಆಯ್ತು. ಅವತ್ತೇ ಅಂದ್ಕೊಂಡೆ, ಒಂದು ಇಂಚು ಬಟ್ಟೆಗೆ ಮನೆ ನೆಮ್ಮದಿ ಉಳಿಯೋದಾದ್ರೆ ಉಳೀಲಿ ಅಂತ. ಆಮೇಲೆ... ವರ್ಷಕ್ಕೊಂದು ದಿನ ನೀವು ಕನ್ನಡಿ ಮುಂದೆ ಅಷ್ಟು ಖುಷಿಯಾಗಿ ನಿಲ್ತೀರಿ. ಅದನ್ನ ನೋಡೋಕೆ ನಂಗೂ ಇಷ್ಟ ಆಗ್ತಿತ್ತು. ಕೊನೆವರೆಗೂ ಹೇಳ್ತಿರ್ಲಿಲ್ಲ ರೀ. ಆದ್ರೆ ಇವತ್ತು ನಂಗೆ ಹಾರ್ಬೇಕು. ಹೊಟ್ಟೆಗೆ ಹಾಕ್ಕೊಳ್ಳಿ."

"ಹೊಟ್ಟೆಗೆ ಹಾಕ್ಕೊಂಡು ಹಾಕ್ಕೊಂಡೇ ಇಷ್ಟಾಗಿದ್ದು," ಎಂದಿತು ವಿಮಾನದೊಳಗಿನಿಂದ ಅತ್ತೆಯ ದನಿ.

ಸಾಹೇಬರ ಮುಖ ಇಂಗು ತಿಂದ ಮಂಗನಂತಾಯಿತು. ಎಷ್ಟು ಅಂಗಡಿಗಳ ಎಷ್ಟು ತಟ್ಟೆಗಳ ಕೆಳಗಿನಿಂದ ಎಷ್ಟು ಬೆರಳುಗಳನ್ನು ಹಿಡಿದೆಳೆದಿದ್ದರು! ಅಷ್ಟೂ ವರ್ಷ ಅವರದೇ ಮನೆಯಲ್ಲಿ, ಅವರದೇ ಸೊಂಟದ ಸುತ್ತ ಅಳತೆಯ ವಂಚನೆ ನಡೆದಿತ್ತು. ಸಿಟ್ಟು ಬರಬೇಕಿತ್ತು. ಬಂದದ್ದು ನಾಚಿಕೆ. ಹೆಂಡತಿಯ ಒದ್ದೆ ಕಣ್ಣು ನೋಡಿದ ಮೇಲೆ ಅದೂ ಉಳಿಯಲಿಲ್ಲ. ಅವರು ಬಟ್ಟುಗಳನ್ನು ಚೀಲಕ್ಕೆ ತುಂಬಿಕೊಂಡು, ಪೈಲಟ್ ಕಡೆ ತಿರುಗಿ ಅಧಿಕೃತ ತೀರ್ಪು ಕೊಟ್ಟರು.

"ಯಂತ್ರ ಸರಿ ಇದೆ. ತಪ್ಪಿರೋದು ಸರಕಿನಲ್ಲಿ. ಸರಕು ಇಲ್ಲೇ ಉಳಿಯುತ್ತೆ, ನೀವು ಹೊರಡಿ."

"ನೀವಿಲ್ದೆ ಹೇಗ್ರೀ?"

"ಹೋಗೇ. ಬಿಳಿ ನೊರೆ ಬರೋದ್ರೊಳಗೆ ಹೋಗು. ನಾನು ದೋಣಿಯಲ್ಲಿ ಬರ್ತೀನಿ."

"ನಾನು ಇಳೀಲಾ ಅಳಿಯಂದ್ರೇ?" ಎಂದು ಕೇಳಿದ ಅತ್ತೆ, ಕೇಳುತ್ತಲೇ ಬೆಲ್ಟನ್ನು ಇನ್ನೊಂದು ಸುತ್ತು ಬಿಗಿ ಮಾಡಿದರು.

ಲೈಟ್‌ಹೌಸ್ ದ್ವೀಪಕ್ಕೆ ಹೊರಟಿದ್ದದ್ದು ಸಾಮಾನು ಸಾಗಿಸುವ ದೋಣಿ. ಒಂದು ಬದಿಯಲ್ಲಿ ಗ್ಯಾಸ್ ಸಿಲಿಂಡರುಗಳು, ಮಧ್ಯದಲ್ಲಿ ತರಕಾರಿ ಬುಟ್ಟಿಗಳು. ದೋಣಿಯವನು ಸಾಹೇಬರನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದ, ಅಷ್ಟೇ. "ಸರ್, ನೀವು ಈ ಕಡೆ ಕೂತ್ಬಿಡಿ. ಸಿಲಿಂಡರಿಗೂ ನಿಮಗೂ ಸಮ ಆಗುತ್ತೆ." ಜೀವನವಿಡೀ ಬಟ್ಟು ಇಟ್ಟು ತೂಗಿದವರು ಈಗ ತಾವೇ ಬಟ್ಟಾಗಿ ಕೂತರು. ಲೈಫ್ ಜಾಕೆಟ್ಟಿನ ಪಟ್ಟಿ ಹೊಟ್ಟೆಯ ಮುಂದೆ ಒಂದಕ್ಕೊಂದು ತಲುಪಲಿಲ್ಲ. "ಜಾಕೆಟ್ಟು ಚಿಕ್ಕ..." ಎಂದು ಶುರು ಮಾಡಿದವರು ಅರ್ಧಕ್ಕೇ ನಿಲ್ಲಿಸಿ, "ಪಟ್ಟಿ ಉದ್ದ ಮಾಡಪ್ಪ," ಎಂದರು.

ದೋಣಿ ನಡುನೀರಿಗೆ ಬಂದಾಗ ತಲೆಯ ಮೇಲೆ ಮೊರೆತ ಕೇಳಿತು. ಹಳದಿ ಸೀಪ್ಲೇನು! ಕಿಟಕಿಯ ಗಾಜಿನ ಹಿಂದೆ ಒಂದು ಕೈ ಜೋರಾಗಿ ಆಡುತ್ತಿತ್ತು. ಸಾಹೇಬರಿಗೆ ಎಲ್ಲವೂ ಮರೆತುಹೋಯಿತು. ಎದ್ದು ನಿಂತು ಎರಡೂ ಕೈ ಬೀಸಿದರು. ಸಿಲಿಂಡರಿನ ಬದಿ ತಟ್ಟನೆ ವಾಲಿತು, ಬದನೆಕಾಯಿಗಳು ಉರುಳಿದವು.

"ಸರ್! ಕೂತ್ಕೊಳ್ಳಿ ಸರ್!"

ಸಾಹೇಬರು ಕುಕ್ಕರಿಸಿದರು. ಪರ್ರ್ ಎಂದು ಸದ್ದಾಯಿತು. ದೋಣಿಯ ಹಾಯಿ ಹರಿಯಿತೇನೋ ಎಂದು ತಲೆಯೆತ್ತಿ ನೋಡಿದರು. ದೋಣಿಗೆ ಹಾಯಿಯೇ ಇರಲಿಲ್ಲ.

ಲೈಟ್‌ಹೌಸ್ ದ್ವೀಪದ ಜೆಟ್ಟಿಯಲ್ಲಿ ಹೆಂಡತಿ ಕಾಯುತ್ತಿದ್ದಳು. ಅವಳ ಮುಖ ಅಷ್ಟು ಅರಳಿದ್ದನ್ನು ಸಾಹೇಬರು ಎಂದೂ ನೋಡಿರಲಿಲ್ಲ. "ರೀ, ಮೇಲಿಂದ ಕಡಲು ಹೇಗಿತ್ತು ಗೊತ್ತಾ? ಹಸಿರು ಬಟ್ಟೆ ಮೇಲೆ ನೀಲಿ ಬಟ್ಟೆ ಹಾಸಿ, ಹೊಲಿಗೇನೇ ಹಾಕದೆ ಬಿಟ್ಟ ಹಾಗೆ! ಎಲ್ಲೂ ಜೋಡಣೆ ಕಾಣಲ್ಲ! ನಿಮ್ಮ ದೋಣೀನೂ ಕಾಣಿಸ್ತು. ಎದ್ದು ನಿಂತು ಕೈ ಬೀಸಿದ್ದು ನೀವೇ ತಾನೆ?"

"ನಾನೇ."

"ಬನ್ನಿ, ಕೂತ್ಕೊಂಡು ಎಲ್ಲಾ ಹೇಳ್ತೀನಿ. ಯಾಕೆ ಹಾಗೆ ಚೀಲಾನ ಹಿಂದೆ ಹಿಡ್ಕೊಂಡು ನಿಂತಿದ್ದೀರಿ?"

"ಕೂರೋ ಹಾಗಿಲ್ಲ ಕಣೇ. ಕೋಟಿನ ಒಳಜೇಬು ಹೊರಗೆ ಬಂದಿದೆ."

ಹೆಂಡತಿ ನಕ್ಕಳು. ನಗು ತಡೆಯಲಾರದೆ ಜೆಟ್ಟಿಯ ಕಂಬ ಹಿಡಿದುಕೊಂಡಳು. ಕೊನೆಗೆ ಸಾಹೇಬರೂ ನಕ್ಕರು.

ಸಂಜೆ ಕೋಣೆಗೆ ಮರಳಿದ ಮೇಲೆ ಸಾಹೇಬರು ಟವೆಲು ಸುತ್ತಿಕೊಂಡು ಹರಿದ ಪ್ಯಾಂಟನ್ನು ದೀಪಕ್ಕೆ ಹಿಡಿದು ನೋಡಿದರು. ಹಿಂಭಾಗದಲ್ಲಿ ಹೊಲಿಗೆಯ ಪಕ್ಕದಲ್ಲಿ ಹೊಲಿಗೆ, ಒಂದೊಂದು ವರ್ಷಕ್ಕೆ ಒಂದೊಂದು ಸಾಲು. ಎಷ್ಟು ನಾಜೂಕಾದ ಕೆಲಸವೆಂದರೆ ಅವರಂಥ ಇನ್ಸ್‌ಪೆಕ್ಟರ ಕಣ್ಣಿಗೂ ಬಿದ್ದಿರಲಿಲ್ಲ. ಪ್ಯಾಂಟನ್ನು ಮಡಿಸಿಟ್ಟು, ಗಂಟಲು ಸರಿ ಮಾಡಿಕೊಂಡು ಹೊಸ ಘೋಷಣೆ ಹೊರಡಿಸಿದರು.

"ಇವತ್ತಿಂದ ನಮ್ಮ ಮನೇಲಿ ಸುಳ್ಳು ಅಳತೆ ನಡೆಯೋ ಹಾಗಿಲ್ಲ. ಇದ್ದದ್ದು ಇದ್ದ ಹಾಗೆ! ನನ್ನ ನಿಜವಾದ ಅಳತೆ ತಗೋ, ಅದಕ್ಕೇ ಹೊಸ ಪ್ಯಾಂಟು ಹೊಲಿ. ನಂಗೇನೂ ನಾಚಿಕೆ ಇಲ್ಲ."

"ನಿಜವಾಗ್ಲೂ?"

"ಇಲಾಖೆಯ ಆಣೆ!"

ಹೆಂಡತಿ ಕೈಚೀಲದಿಂದ ಟೇಪು ತೆಗೆದಳು. ಸಾಹೇಬರು ಎರಡೂ ಕೈ ಮೇಲೆತ್ತಿ, ಸತ್ಯದ ಪರವಾಗಿ ನೆಟ್ಟಗೆ ನಿಂತರು. ಅವಳು ಸೊಂಟದ ಸುತ್ತ ಟೇಪು ತಂದು, ತುದಿ ಕೂಡಿಸಿ, ಅಂಕಿ ಓದಲು ಬಗ್ಗಿದಳು. ಓದಿದ್ದನ್ನು ನಂಬದೆ ತಲೆಯೆತ್ತಿ ನೋಡಿದಳು. ಸಾಹೇಬರ ಮುಖ ಕೆಂಪಗಾಗಿತ್ತು, ಕಣ್ಣುಗುಡ್ಡೆ ಹೊರಗೆ ಬಂದಿತ್ತು, ತುಟಿ ಬಿಗಿದಿತ್ತು.

"ಇನ್ಸ್‌ಪೆಕ್ಟರ್ ಸಾಹೇಬ್ರೇ," ಎಂದಳು ಹೆಂಡತಿ ಮೆಲ್ಲಗೆ, "ತಟ್ಟೆ ಕೆಳಗಿಂದ ಬೆರಳು ತೆಗೀರಿ. ಉಸಿರು ಬಿಡಿ."

ಸಾಹೇಬರು ಉಸಿರು ಬಿಟ್ಟರು. ಟೇಪು ಅವಳ ಬೆರಳುಗಳ ನಡುವಿನಿಂದ ಸರ್ರನೆ ಒಂದು ಗೇಣು ಮುಂದೆ ಓಡಿತು.