ನಾಲ್ಕನೇ ಜ್ವರದ ಎಂಜಿನ್ ಆಯಿಲ್

ನಮ್ಮ ಮಾವನವರಿಗೆ ನನ್ನ ಮೇಲೆ ಪ್ರೀತಿ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ನನಗಿಂತ ನನ್ನ ಕಾರಿನ ಎಂಜಿನ್ ಆಯಿಲ್ ಮೇಲೆ ಹೆಚ್ಚು ಪ್ರೀತಿ ಇದೆ ಅಂತ ಯಾವ ದೇವರ ಮುಂದೆ ಬೇಕಾದರೂ ಪ್ರಮಾಣ ಮಾಡುತ್ತೇನೆ! ಊರಿನಲ್ಲಿ ಬೇರೆ ಮಾವಂದಿರಿಲ್ಲವೇ? ಅಳಿಯ ಬಂದರೆ ಕಾಲಿಗೆ ನೀರು ಕೊಡುತ್ತಾರೆ, ಕಾಫಿ ಕೊಡುತ್ತಾರೆ, ದಾರಿ ಹೇಗಿತ್ತು ಅಂತ ಕೇಳುತ್ತಾರೆ. ನಮ್ಮ ಮಾವ ನನ್ನನ್ನು ದಾಟಿಕೊಂಡು ನೇರವಾಗಿ ಕಾರಿನ ಮೂತಿಯ ಹತ್ತಿರ ಹೋಗಿ ನಿಂತು, "ಬಾನೆಟ್ ತೆಗೀರಿ ಅಳಿಯಂದ್ರೇ" ಅನ್ನುತ್ತಾರೆ.

ಆಮೇಲೆ ಒಂದು ಪೂಜೆ ನಡೆಯುತ್ತದೆ. ಆಯಿಲ್ ಅಳೆಯುವ ಕಡ್ಡಿಯನ್ನು ಮೆಲ್ಲಗೆ ಎಳೆಯುತ್ತಾರೆ. "ನಿಮ್ ಕರ್ಚೀಫ್ ಕೊಡಿ" ಅಂತ ಕೈ ಚಾಚುತ್ತಾರೆ. ಅವರ ಹೆಗಲ ಮೇಲೆ ಮೂರು ಮೊಳದ ಟವೆಲ್ಲು ಇರುತ್ತದೆ, ಅದಕ್ಕೆ ಮಾತ್ರ ಮಸಿ ತಾಗಬಾರದು! ನನ್ನ ಬಿಳಿ ಕರ್ಚೀಫಿನಲ್ಲಿ ಕಡ್ಡಿ ಒರೆಸಿ, ಮತ್ತೆ ಅದ್ದಿ ತೆಗೆದು, ಒಂದು ತೊಟ್ಟು ಆಯಿಲನ್ನು ಹೆಬ್ಬೆರಳು ತೋರುಬೆರಳ ನಡುವೆ ಇಟ್ಟುಕೊಂಡು, ಕಣ್ಣು ಅರೆಮುಚ್ಚಿ ಉಜ್ಜುತ್ತಾರೆ. ನಾನು ಪಕ್ಕದಲ್ಲಿ ಕತ್ತು ತುರಿಸಿಕೊಳ್ಳುತ್ತಾ ಫಲಿತಾಂಶಕ್ಕೆ ಕಾಯುತ್ತಾ ನಿಂತಿರುತ್ತೇನೆ. ಚಿಂತಾಮಣಿಯ ಹೈಸ್ಕೂಲಿನಲ್ಲಿ ಹತ್ತನೇ ತರಗತಿಗೆ ವಿಜ್ಞಾನ ಹೇಳುವ ಮೇಷ್ಟ್ರು ನಾನು! ಮಕ್ಕಳು ನನ್ನ ಮುಂದೆ ಹೀಗೆ ನಿಲ್ಲುವುದು ಯಾಕೆ ಅಂತ ಆಗ ಅರ್ಥವಾಗುತ್ತದೆ.

"ಮೂರನೇ ಜ್ವರ ದಾಟಿದೆ. ಬದಲಾಯ್ಸಿಲ್ಲ ನೀವು."

ಜ್ವರ ಅಂದರೆ ಗಾಬರಿಯಾಗಬೇಡಿ. ಮಾವನವರು ಶಿಡ್ಲಘಟ್ಟದ ಮಗ್ಗುಲ ಹಳ್ಳಿಯಲ್ಲಿ ರೇಷ್ಮೆ ಹುಳು ಸಾಕುವವರು. ಹುಳು ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಸೊಪ್ಪು ಬಿಟ್ಟು, ತಲೆ ಎತ್ತಿ ಮಲಗಿ, ಪೊರೆ ಕಳಚುತ್ತದೆ. ಅದಕ್ಕೆ ಇಲ್ಲಿನವರು ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರ ರಾಕ್ಷಸನ ಹಾಗೆ ಮೇಯ್ದು, ಹಣ್ಣಾಗಿ, ಗೂಡಿಗೆ ಕೂರುತ್ತದೆ. ಮಾವನವರ ಪ್ರಕಾರ ಸೃಷ್ಟಿಯಲ್ಲಿ ಇರುವುದಕ್ಕೆಲ್ಲಾ ನಾಲ್ಕು ಜ್ವರ. ಉಪ್ಪಿನಕಾಯಿಗೂ ನಾಲ್ಕು, ಎಂಜಿನ್ ಆಯಿಲಿಗೂ ನಾಲ್ಕು. ನಾಲ್ಕನೆಯದು ಮುಗಿಯುವುದರೊಳಗೆ ಆಯಿಲ್ ಇಳಿಸಲೇಬೇಕು. ಹೆಣ್ಣು ನೋಡಲು ಹೋಗಿದ್ದ ದಿನ ನನ್ನ ಬಗ್ಗೆಯೂ ಅತ್ತೆಯ ಹತ್ತಿರ, "ಹುಡುಗ ಒಳ್ಳೇವ್ನೇ, ಆದ್ರೆ ಇನ್ನೂ ಎರಡನೇ ಜ್ವರದಲ್ಲವ್ನೆ" ಅಂದಿದ್ದರಂತೆ. ಈ ಗುಟ್ಟನ್ನು ನನ್ನ ಹೆಂಡತಿ ಜಗಳವಾದಾಗಲೆಲ್ಲಾ ನೆನಪಿಸುತ್ತಾಳೆ.

ಇಷ್ಟೆಲ್ಲಾ ಹೇಳುವವರಿಗೆ ಕಾರು ಓಡಿಸಲು ಬರುತ್ತದೆಯೇ? ಖಂಡಿತಾ ಇಲ್ಲ! ಅವರ ಬಳಿ ಇರುವುದು ಸೊಪ್ಪಿನ ಮೂಟೆ ಹೊರುವ ಒಂದು ಮೊಪೆಡ್. ಹಿಂದೆ ಬಾವಿಯ ಮೇಲೆ ಡೀಸೆಲ್ ಪಂಪು ಇತ್ತಂತೆ, ಅದರ ಜೊತೆ ಇಪ್ಪತ್ತು ವರ್ಷ ಸಂಸಾರ ಮಾಡಿ ಕಲಿತ ವಿದ್ಯೆ ಇದು. ಒಮ್ಮೆ ಎಲ್ಲರೂ ವಿದುರಾಶ್ವತ್ಥಕ್ಕೆ ಹೋಗಿದ್ದೆವು. ನಾವು ಅಶ್ವತ್ಥ ಕಟ್ಟೆಗೆ ಪ್ರದಕ್ಷಿಣೆ ಹಾಕಿ ಬರುವಷ್ಟರಲ್ಲಿ ಮಾವ ಬಾನೆಟ್ ತೆರೆಸಿದ್ದ ನನ್ನ ಕಾರಿಗೆ ಪ್ರದಕ್ಷಿಣೆ ಹಾಕುತ್ತಿದ್ದರು. ಸುತ್ತಲೂ ಹತ್ತು ಜನ ನಿಂತಿದ್ದರು. ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಗಾಡಿ ಎಷ್ಟಕ್ ಕೊಡ್ತೀರ?" ಅಂತ ಕೇಳಿಯೇಬಿಟ್ಟರು.

ನಾನೇನು ಕಡಿಮೆಯವನೇ? ಕಾರಿನ ಜೊತೆ ಬಂದ ಪುಸ್ತಕ ತಂದು ಮಾವನ ಮುಂದೆ ಹಿಡಿದೆ. "ನೋಡಿ ಮಾವ, ಹತ್ತು ಸಾವಿರ ಕಿಲೋಮೀಟರಿಗೆ ಒಂದ್ಸಲ ಅಂತ ಅಚ್ಚು ಹಾಕಿದಾರೆ. ನನ್ನ ಕಾರು ಎರಡು ವರ್ಷದಲ್ಲಿ ಓಡಿರೋದೇ ನಾಲ್ಕು ಸಾವಿರ. ಮನೆಯಿಂದ ಸ್ಕೂಲಿಗೆ ಎರಡು ಕಿಲೋಮೀಟರ್, ಅಷ್ಟೆ."

"ಅಳಿಯಂದ್ರೇ, ಹುಳ ತಟ್ಟೆ ಬಿಟ್ಟು ಎಲ್ಗೂ ನಡ್ಯಲ್ಲ. ಹಂಗಂತ ಜ್ವರ ಬರ್ದೇ ಇರತ್ತಾ? ಎರಡು ಕಿಲೋಮೀಟ್ರು ಓಡಿ ನಿಂತ್ರೆ ಎಂಜಿನ್ ಬಿಸಿನೇ ಆಗಲ್ಲ. ಬೆಚ್ಚಗಾಗ್ದೇ ಇರೋ ಆಯಿಲ್ಲು ಬೇಗ ಕೆಡತ್ತೆ."

ನಾನು ಮುಗುಳ್ನಕ್ಕೆ. ಓದಿದವರು ನಗುವ ನಗು ಅದು. ಅಷ್ಟರಲ್ಲಿ ನನ್ನ ಹೆಂಡತಿ ಪುಸ್ತಕ ಕಿತ್ತುಕೊಂಡು ಆ ಸಾಲನ್ನು ಕೊನೆಯವರೆಗೆ ಗಟ್ಟಿಯಾಗಿ ಓದಿದಳು: "ಹತ್ತು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು." ಪ್ರತಿ ಪರೀಕ್ಷೆಯಲ್ಲೂ ಉತ್ತರ ಪತ್ರಿಕೆಯ ಮೇಲೆ 'ಪ್ರಶ್ನೆಯನ್ನು ಪೂರ್ತಿ ಓದು' ಅಂತ ಕೆಂಪು ಶಾಯಿಯಲ್ಲಿ ಬರೆಯುವ ಮಹಾನುಭಾವ ನಾನೇ! ಮಾವ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಸೊಪ್ಪು ತರಲು ಹೊರಟರು. ಅವರು ಏನಾದರೂ ಅಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಅವಮಾನವಾಯಿತು, ಛಲ ಬಂತು. ಮುಂದಿನ ಭಾನುವಾರ ಮಾವನ ಅಂಗಳದಲ್ಲೇ, ನನ್ನ ಕೈಯಿಂದಲೇ ಆಯಿಲ್ ಬದಲಾಯಿಸುವುದು ಅಂತ ತೀರ್ಮಾನಿಸಿದೆ. ಮೊಬೈಲಿನಲ್ಲಿ ಮೂರು ವಿಡಿಯೋ ನೋಡಿದ್ದೆ, ಇನ್ನೇನು ಬೇಕು?

ಅಂಗಳ ಅಂದರೆ ಮನೆ ಮುಂದಲ್ಲ. ಹುಳು ಮನೆಯಿಂದ ನೂರು ಹೆಜ್ಜೆ ದೂರದ ಹೊಂಗೆ ಮರದ ಕೆಳಗೆ. ಹೊಗೆ, ವಾಸನೆ ತಗುಲಿದರೆ ಹುಳು ಸೊಪ್ಪು ಮುಟ್ಟುವುದಿಲ್ಲ ಅಂತ ಕಾರು ಅದಕ್ಕಿಂತ ಹತ್ತಿರ ಬರುವಂತಿರಲಿಲ್ಲ. ನಾನೂ ಅಷ್ಟೆ. ಮದುವೆಯಾದ ಹೊಸದರಲ್ಲಿ ಸೆಂಟು ಹಾಕಿಕೊಂಡು ಹುಳು ಮನೆಯ ಬಾಗಿಲಿಗೆ ಹೋಗಿದ್ದೆ, ಅವತ್ತಿನಿಂದ ಆರು ವರ್ಷ ನನಗೆ ಒಳಗೆ ಪ್ರವೇಶವಿಲ್ಲ. ಅವತ್ತು ಭಾನುವಾರ ನಾಲ್ಕನೇ ಜ್ವರ ಎದ್ದು ಆರನೇ ದಿನ. ಇಪ್ಪತ್ತೈದು ದಿನದ ದುಡಿಮೆ ಇನ್ನೆರಡು ದಿನದಲ್ಲಿ ಗೂಡಿಗೆ ಕೂರಬೇಕು. ಮಾವ ಒಳಗೆ ಸೊಪ್ಪು ಹಾಕುತ್ತಿದ್ದರು.

ನಾನು ಕಾರಿನ ಅಡಿಗೆ ತೂರಿ ಒಂದು ಬೋಲ್ಟು ಬಿಚ್ಚಿದೆ. ಆಯಿಲ್ ಇಳಿಯಿತು. ಏನು ಬಣ್ಣ ಅಂತೀರಿ! ಜೇನುತುಪ್ಪದ ಹಾಗಿತ್ತು!

"ನೋಡೇ," ಅಂತ ಹೆಂಡತಿಯನ್ನು ಕೂಗಿದೆ. "ನಿಮ್ಮಪ್ಪ ಮೂರನೇ ಜ್ವರ ಅಂತಾರಲ್ಲ, ಇದರಲ್ಲಿ ಮುಖ ನೋಡ್ಕೋಬೋದು ಕಣೇ!"

"ಕಡ್ಡೀಲಿ ಕಪ್ಪಗಿತ್ತಲ್ರೀ?"

"ಅದು ಕಡ್ಡಿ ಕೊಳೆ."

ಬೋಲ್ಟು ಬಿಗಿದು, ಮೇಲಿನಿಂದ ಹೊಸ ಆಯಿಲ್ ಒಂದು ತೊಟ್ಟೂ ಬಿಡದೆ ಸುರಿದೆ. ಕಡ್ಡಿ ಎಳೆದು ನೋಡಬೇಕು ಅಂತ ಮೂರು ವಿಡಿಯೋದಲ್ಲೂ ಹೇಳಿದ್ದರು. ಆದರೆ ಕಡ್ಡಿ ಮಾವನ ಇಲಾಖೆಯಲ್ಲವೇ? ಮುಟ್ಟಲಿಲ್ಲ. ಜಂಬದಿಂದ ಕೂತು ಕೀ ತಿರುಗಿಸಿ, ಆಕ್ಸಿಲರೇಟರ್ ಒತ್ತಿದೆ.

ಹೊಗೆ ಅಂದರೆ ಅಂಥಿಂಥ ಹೊಗೆಯಲ್ಲ! ಹೊಂಗೆ ಮರವೇ ಕಾಣಿಸದಷ್ಟು ನೀಲಿ ಹೊಗೆ. ಗಾಳಿ ಬೇರೆ ಅವತ್ತು ನನ್ನ ಜಾತಕ ನೋಡಿಕೊಂಡೇ ಬೀಸುತ್ತಿತ್ತು, ನೇರ ಹುಳು ಮನೆ ಕಡೆಗೆ. ಗಾಬರಿಯಾದರೆ ಅತ್ತೆಗೆ ಕನ್ನಡ ಮರೆತು ತೆಲುಗು ಬರುತ್ತದೆ. "ಪೊಗ! ಪೊಗ!" ಅಂತ ಬಾಯಿ ಬಡಿದುಕೊಂಡು ಗೋಣಿಚೀಲ ನೆನೆಸಿ ಕಿಟಕಿಗೆ ಕಟ್ಟಲು ಓಡಿದರು. ಹೆಂಡತಿಯೂ ಓಡಿದಳು. ನಾನು ಕೀ ತಿರುಗಿಸುವುದನ್ನೇ ಮರೆತು ಕೂತಿದ್ದೆ. ಮಾವ ಬಂದು, ಕಿಟಕಿಯಿಂದ ಕೈ ಹಾಕಿ, ತಾವೇ ಆಫ್ ಮಾಡಿದರು. ಹೊಗೆಯನ್ನು ಒಮ್ಮೆ ನೋಡಿ, ಓಡುತ್ತಾ ವಾಪಸ್ಸು ಹೋದರು. ಆ ವಯಸ್ಸಿನಲ್ಲಿ ಅವರು ಓಡಿದ್ದನ್ನು ನಾನು ನೋಡಿರಲೇ ಇಲ್ಲ.

ಮಧ್ಯಾಹ್ನ ಶಿಡ್ಲಘಟ್ಟದಿಂದ ಮೆಕ್ಯಾನಿಕ್ ಬಂದ. ಕೆಳಗೊಮ್ಮೆ ಮೇಲೊಮ್ಮೆ ನೋಡಿದ. "ಸಾರ್, ನೀವು ಇಳ್ಸಿರೋದು ಗೇರ್ ಬಾಕ್ಸ್ ಆಯಿಲ್ಲು. ಹಳೇ ಎಂಜಿನ್ ಆಯಿಲ್ ಹಂಗೇ ಅದೆ, ಅದ್ರ ಮೇಲೆ ಹೊಸದು ಸುರ್ದಿದೀರ, ಜಾಸ್ತಿಯಾಗಿ ಹೊಗೆ ಎದ್ದಿದೆ. ಏನ್ ಕೆಲ್ಸ ಸಾರ್ ತಮ್ದು?"

"ವಿಜ್ಞಾನದ ಮೇಷ್ಟ್ರು, ಚಿಂತಾಮಣೀಲಿ."

"ಯಾವ್ ಸ್ಕೂಲು?" ಅಂದ ಪಾಪ, ಮುಖ ಸಣ್ಣದು ಮಾಡಿಕೊಂಡು. "ನಮ್ ಅಕ್ಕನ್ ಮಗಳು ಚಿಂತಾಮಣೀಲೇ ಓದ್ತಾಳೆ."

ಕಾರು ಸರಿಹೋಯಿತು. ಹುಳು? ಬೆಳಿಗ್ಗೆ ಹಾಕಿದ ಸೊಪ್ಪು ಹಾಗೇ ಇದೆ ಅಂತ ಅತ್ತೆ ಕಣ್ಣೊರೆಸಿಕೊಂಡರು. ನನಗೆ ಊಟ ಇಳಿಯಲಿಲ್ಲ. ಹೊಂಗೆ ಮರದ ಕೆಳಗೆ ಕೂತು, ಈ ಬೆಳೆ ಹೋದರೆ ಈ ಮನೆಗೆ ಯಾವ ಮುಖ ಹೊತ್ತು ಬರಲಿ ಅಂತ ನನ್ನನ್ನು ನಾನೇ ಶಪಿಸಿಕೊಂಡೆ. ಹೊತ್ತು ಇಳಿಯುವಾಗ ಮಾವ ಹುಳು ಮನೆಯ ಬಾಗಿಲಿಗೆ ಬಂದು ಕೈ ಸನ್ನೆ ಮಾಡಿದರು. ನಾನು ನೂರು ಹೆಜ್ಜೆ ನಡೆದೆ. ಕೈಕಾಲು ತೊಳೆಸಿ, ಹುಳುವಿಗೆ ರೋಗ ತಾಗದಂತೆ ಹೊಸ್ತಿಲಿಗೆ ಹಾಕಿದ್ದ ಸುಣ್ಣ ತುಳಿಸಿ, ಮೊದಲ ಸಲ ಒಳಗೆ ಕರೆದುಕೊಂಡರು.

ಒಳಗೆ ಅರೆಗತ್ತಲು. ಒಂದೇ ಸಮನೆ ಸರಸರ ಸದ್ದು. ಪರೀಕ್ಷಾ ಕೊಠಡಿಯಲ್ಲಿ ಮಕ್ಕಳೆಲ್ಲಾ ಒಟ್ಟಿಗೆ ಹಾಳೆ ತಿರುವಿದ ಹಾಗೆ.

"ತಿಂತಾವೆ," ಅಂದರು ಮಾವ. ನನಗೆ ಅಳು ಬಂದುಬಿಟ್ಟಿತು. ಹೌದು, ಅತ್ತುಬಿಟ್ಟೆ, ಮುಚ್ಚಿಡುವುದು ಯಾಕೆ?

ಮಾವ ಒಂದು ಹುಳು ಎತ್ತಿ ನನ್ನ ಅಂಗೈ ಮೇಲೆ ಇಟ್ಟರು. "ನೀನು ಮುಟ್ಟಿ ಹೇಳಪ್ಪಾ, ಮೆತ್ತಗಾಗಿದ್ಯಾ? ಹಣ್ಣಾಗಿರೋದನ್ನ ಆರಿಸಿ ಗೂಡಿಗೆ ಬಿಡ್ಬೇಕು. ಕಣ್ಣು ಅರ್ಧ ಹೇಳತ್ತೆ, ಇನ್ನರ್ಧ ಬೆರಳೇ ಹೇಳ್ಬೇಕು. ನನ್ ಬೆರಳು ಹೋಯ್ತು."

"ಹೋಯ್ತು ಅಂದ್ರೆ?"

"ಶುಗರ್ರು. ಎರಡು ವರ್ಷದಿಂದ ಏನ್ ಮುಟ್ಟಿದ್ರೂ ಮರ ಮುಟ್ಟಿದಂಗೆ. ನಿಮ್ಮತ್ತೆಗೆ ಹೇಳಿಲ್ಲ."

ಆರು ವರ್ಷ 'ನೀವು' ಅಂದವರು ಇವತ್ತು 'ನೀನು' ಅಂದದ್ದು ಆಗ ಕಿವಿಗೆ ಬಿತ್ತು. ಆದರೂ ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತದೆ? "ಹಂಗಾದ್ರೆ ಆಯಿಲ್ಲು? ಎರಡು ವರ್ಷದಿಂದ ಉಜ್ಜಿ ಉಜ್ಜಿ ಹೇಳ್ತಿದ್ರಲ್ಲ ಮಾವ?"

ಮಾವ ನಕ್ಕರು. "ಆಯಿಲ್ ಯಾರು ನೋಡ್ತಿದ್ರು? ಉಜ್ಜುವಾಗ ನಿನ್ ಮುಖ ನೋಡ್ತಿದ್ದೆ. ಬದಲಾಯ್ಸಿಲ್ಲಾ ಅಂದ್ರೆ ನೀನು ಕತ್ತು ತುರಿಸ್ಕೊತೀಯ."

ಅತ್ತೆಗೆ ಮಾರನೇ ದಿನ ನಾನೇ ಹೇಳಿದೆ. ಅತ್ತೆ ಬೈದು ಬೈದು ಮಾವನನ್ನು ನನ್ನ ಕಾರಿಗೇ ಹತ್ತಿಸಿ ಡಾಕ್ಟರ ಹತ್ತಿರ ಕಳಿಸಿದರು. ಚಾಡಿ ಹೇಳಿದ್ದಕ್ಕೆ ಮಾವ ಒಂದು ವಾರ ನನ್ನ ಜೊತೆ ಮಾತು ಬಿಟ್ಟರು. ಬೆರಳು ಮೊದಲಿನಂತಾಗುವುದು ಕಷ್ಟವಂತೆ, ಇನ್ನೂ ಕೆಡದ ಹಾಗೆ ನೋಡಿಕೊಳ್ಳಬಹುದಂತೆ. ಆ ಸಲದ ಗೂಡು ಚೆನ್ನಾಗಿಯೇ ಬಂತು. ಅರ್ಧ ಹುಳು ನಾನೇ ಆರಿಸಿದ್ದು ಅಂತ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿದ್ದೇನೆ. ನಾನು ಆರಿಸಿದ್ದನ್ನೆಲ್ಲಾ ಅತ್ತೆ ಮತ್ತೊಮ್ಮೆ ನೋಡಿದ್ದನ್ನು ಮಾತ್ರ ಹೇಳಿಲ್ಲ.

ಈಗಲೂ ಹೋದ ತಕ್ಷಣ ಬಾನೆಟ್ ತೆಗೆಯಲೇಬೇಕು. ಮಾವ ಕಡ್ಡಿ ಎಳೆದು ನನ್ನ ಕಡೆ ಚಾಚುತ್ತಾರೆ. "ಎಷ್ಟನೇ ಜ್ವರ ನೋಡಪ್ಪಾ." ನಾನು ಕಣ್ಣು ಅರೆಮುಚ್ಚಿ ಉಜ್ಜುತ್ತೇನೆ. ನಿಜ ಹೇಳಬೇಕೆಂದರೆ ನನ್ನ ಬೆರಳಿಗೆ ಇನ್ನೂ ಒಂದಕ್ಷರವೂ ತಿಳಿಯುವುದಿಲ್ಲ. ರೆಪ್ಪೆಯ ಸಂದಿಯಿಂದ ಮಾವನ ಮುಖ ನೋಡಿಕೊಂಡು, "ಎರಡನೇದು ಇರ್ಬೇಕು ಮಾವ" ಅನ್ನುತ್ತೇನೆ. ಅವರು ತಲೆಯಾಡಿಸಿ, ಹೆಗಲ ಮೇಲಿನ ಟವೆಲ್ಲು ತೆಗೆದು, ನನ್ನ ಬೆರಳುಗಳನ್ನು ಒಂದೊಂದಾಗಿ ಒರೆಸುತ್ತಾರೆ. ನನ್ನ ಕೈ ಅವರ ಕೈಗೆ ತಾಗಿದ್ದು ಅವರಿಗೆ ತಿಳಿಯುತ್ತದೋ ಇಲ್ಲವೋ, ನನಗೆ ತಿಳಿಯುತ್ತದೆ.